ಬ್ರಹ್ಮಸಮುದ್ರದ ಮೇಲೆ ಭೂಪ್ರದಕ್ಷಿಣೆ

ಬಸ್ಸು ಹತ್ತಿದರೆ ಪಕ್ಕದ ಪೆನುಕೊಂಡ ದಾಟುವ ಮೊದಲೇ ನಿಂಬೆಹಣ್ಣು ಮೂಸಲು ಶುರುಮಾಡುವ ಜಾತಿ ನನ್ನದು. ಆದರೂ ಹಿಂದೂಪುರದ ನನ್ನ ಹುಣಸೆಹಣ್ಣಿನ ಮಂಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ನಾನು ಓದುವುದು ಒಂದೇ ವಿಷಯ: ಭೂಮಿಯನ್ನು ಅತಿ ಬೇಗ ಸುತ್ತಿ ಬಂದವರ ಚರಿತ್ರೆ. ಕೂತಲ್ಲೇ ಲೋಕ ಸುತ್ತಿದರೆ ವಾಂತಿಯ ಭಯವಿಲ್ಲ ನೋಡಿ.

ಮೊಟ್ಟಮೊದಲು ಸುತ್ತಿದ ಹಡಗಿಗೆ ಮೂರು ವರ್ಷ ಹಿಡಿಯಿತಂತೆ. ಹೊರಡಿಸಿದ ನಾಯಕ ಅರ್ಧ ದಾರಿಯಲ್ಲೇ ತೀರಿಕೊಂಡ. ಉಗಿಹಡಗು, ರೈಲು ಬಂದ ಮೇಲೆ ಎರಡೂವರೆ ತಿಂಗಳು ಸಾಕಾಯಿತು. ವಿಮಾನ ಬಂದು ಅದನ್ನು ದಿನಗಳಿಗೆ ಇಳಿಸಿತು. ಬಾಹ್ಯಾಕಾಶದಲ್ಲಿರುವವರು ಈಗ ಒಂದೂವರೆ ಗಂಟೆಗೊಂದು ಸುತ್ತು ಹಾಕುತ್ತಾರೆ. ಅವರನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾರಿಯಲ್ಲಿ ಒಬ್ಬರ ಮನೆಯಲ್ಲೂ ಕಾಫಿ ಕುಡಿಯದೆ ಸುತ್ತುವುದು ಎಂಥ ಸುತ್ತು? ದಾಖಲೆ ಎಂದಮೇಲೆ ನಿಯಮ ಬೇಕು. ಅದರಲ್ಲಿ ಮೊದಲನೆಯದು, ಹೊರಟಲ್ಲಿಗೇ ಮರಳಿ ಬರಬೇಕು.

ಮದುವೆಗೆ ಕರೆಯುವುದಕ್ಕೂ ನಮ್ಮಲ್ಲಿ ನಿಯಮವಿದೆ. ಗಂಡಹೆಂಡತಿ ಜೊತೆಯಾಗಿ ಹೋಗಬೇಕು, ಕುಂಕುಮವಿಟ್ಟು ಪತ್ರಿಕೆ ಕೊಡಬೇಕು, ಕೊಟ್ಟ ಕಾಫಿ ಕುಡಿಯಬೇಕು. ದೊಡ್ಡ ಮಗಳ ಮದುವೆ ಕೊರೊನಾ ಕಾಲದಲ್ಲಿ ನಡೆದಿದ್ದರಿಂದ ಎಲ್ಲರಿಗೂ ಫೋನಿನಲ್ಲೇ ಕರೆ ಹೋಗಿತ್ತು. ಬ್ರಹ್ಮಸಮುದ್ರದ ನನ್ನ ಸೋದರತ್ತೆ ಗೌರಮ್ಮ ಮಾತ್ರ ಒಪ್ಪಲಿಲ್ಲ. “ಫೋನಾಗೆ ಕರೆದೆ, ಫೋನಾಗೇ ಉಂಡ್ಬುಟ್ಟೆ ಅಂದ್ಕೊಳ್ಲಾ” ಎಂದು ಫೋನ್ ಇಟ್ಟವಳು ಆಮೇಲೆ ಮಾತೇ ಆಡಲಿಲ್ಲ. ಈಗ ಎರಡನೆಯ ಮಗಳ ಮದುವೆ. ಅವಳು ಅತ್ತೆಯ ಮಡಿಲಲ್ಲಿ ಆಡಿ ಬೆಳೆದವಳು. ಆ ಅಜ್ಜಿ ಬರದಿದ್ದರೆ ಹಸೆಮಣೆ ಏರುವುದಿಲ್ಲ ಎಂದು ಹಟ ಹಿಡಿದಳು.

ಊರಿನವರನ್ನೆಲ್ಲ ಕರೆದಾದ ಮೇಲೆ ಒಂದು ಬೆಳಗ್ಗೆ ಭಾಮೈದನ ಕಾರಿನಲ್ಲಿ ನಾನೂ ನನ್ನ ಹೆಂಡತಿಯೂ ಹೊರಟೆವು. ಒಂದೇ ದಿನದಲ್ಲಿ ಪೆನುಕೊಂಡ, ಕಲ್ಯಾಣದುರ್ಗ, ಬ್ರಹ್ಮಸಮುದ್ರ, ಕಂಬದೂರು ಮುಗಿಸಿ ವಾಪಸ್ಸು. ನಮ್ಮ ವಂಶದಲ್ಲೇ ದಾಖಲೆ. ಕಲ್ಯಾಣದುರ್ಗ ದಾಟುವ ಹೊತ್ತಿಗೆ ಹೊಟ್ಟೆಯಲ್ಲಿ ಆರು ಕಾಫಿ, ಮೂಗಿನ ಹತ್ತಿರ ಎರಡನೇ ನಿಂಬೆಹಣ್ಣು.

ಅತ್ತೆಯ ಮನೆಗೆ ಬೀಗ. ಮಗ ಸೊಸೆ ಹೊಲಕ್ಕೆ ಹೋಗಿದ್ದರು. “ಗೌರಮ್ಮ ಪೊದ್ದುನ್ನೇ, ಬೆಳಗಾಗ್ತಿದ್ದಂಗೇ ಬಸ್ಸು ಹತ್ತಿದ್ಲು ಕದಪ್ಪಾ, ನಿಮ್ಮೂರಿಗೇ!” ಎಂದಳು ಪಕ್ಕದ ಮನೆಯವಳು. ಮಗಳಿಗೆ ಫೋನ್ ಮಾಡಿದೆ. “ಅಜ್ಜಿ ಇಲ್ಲೇ ಜಗಲಿ ಮೇಲೆ ಕೂತವ್ಳೆ ಕಣಪ್ಪ. ಎಲ್ರನ್ನೂ ಕರೆದು ನನ್ನ ಯಾಕೆ ಬಿಟ್ರಿ ಅಂತ ಕೇಳಾಕೆ ಬಂದವ್ಳಂತೆ. ನೀವು ಕರೆಯಾಕೇ ಹೋಗಿದ್ದೀರಿ ಅಂದ್ರೆ ನಂಬ್ತಿಲ್ಲ. ನೀರೂ ಮುಟ್ತಿಲ್ಲ.”

ಮಂಡಿಯಲ್ಲಿ ಓದಿದ್ದು ನೆನಪಾಯಿತು. ಹಿಂದೊಮ್ಮೆ ಇಬ್ಬರು ಪತ್ರಕರ್ತೆಯರು ಪಂದ್ಯ ಕಟ್ಟಿ, ಒಬ್ಬಳು ಪೂರ್ವಕ್ಕೆ ಇನ್ನೊಬ್ಬಳು ಪಶ್ಚಿಮಕ್ಕೆ ಭೂಮಿ ಸುತ್ತಲು ಹೊರಟು, ನಡುಗಡಲಲ್ಲಿ ಒಬ್ಬರಿಗೊಬ್ಬರು ಗೊತ್ತಾಗದಂತೆ ಹಾದುಹೋದರಂತೆ. ನಾವು ಪೆನುಕೊಂಡದಲ್ಲಿ ಕಾಫಿ ಆರಿಸುತ್ತಿದ್ದಾಗಲೇ ಅತ್ತೆಯ ಬಸ್ಸು ಹಾದುಹೋಗಿರಬೇಕು. ನಾನು ತಲೆಯ ಮೇಲೆ ಕೈ ಹೊತ್ತು ನಿಂತಿದ್ದೆ. ಹೆಂಡತಿ ಮಾತ್ರ ಹೋಗಿ, ಹೊಸ್ತಿಲಿಗೂ ಬೀಗಕ್ಕೂ ಕುಂಕುಮವಿಟ್ಟು, ಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಂದಳು. ಕಂಬದೂರಿನ ಕಾಫಿಯನ್ನು ನಿಂತೇ ಕುಡಿದು ನಾಲಿಗೆ ಸುಟ್ಟುಕೊಂಡೆವು.

ಸಂಜೆ ಮನೆ ಮುಟ್ಟಿದಾಗ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. “ಏನ್ಲಾ, ಜಗಳ ಆಡಾನ ಅಂತ ಬಂದ್ರೆ ಊರೇ ಬಿಟ್ಟು ಓಡೋಗಿದ್ದೀಯಾ?”

“ನಿಮ್ಮ ಮನೆಗೇ ಹೋಗಿದ್ವಿ ಅತ್ತೆ,” ಎಂದಳು ಹೆಂಡತಿ. “ಬೀಗಕ್ಕೆ ಕುಂಕುಮ ಇಟ್ಟು ಬಂದ್ವಿ.”

“ಬೀಗಕ್ಕಾ?”

“ಹೊಸ್ತಿಲಿಗೂ.”

ಅತ್ತೆ ಅವಳ ಬೆರಳಿನ ಕೆಂಪನ್ನು ಸ್ವಲ್ಪ ಹೊತ್ತು ನೋಡಿದಳು. “ಹಂಗಾದ್ರೆ ಕರೆದಂಗೇ ಆಯ್ತು ಬಿಡು. ನೀಳ್ಳು ಕೊಡಮ್ಮ, ಗಂಟ್ಲು ಒಣಗೋಯ್ತು” ಎಂದು ಕೂತಳು. ನೀರು ತಂದ ಮಗಳು ಅತ್ತಳು. ನನಗೂ ಅಳು ಬಂತು, ಸುಟ್ಟ ನಾಲಿಗೆಯ ಉರಿ ಎಂದು ಸುಳ್ಳು ಹೇಳಿದೆ.

ಮದುವೆ ಚೆನ್ನಾಗಿ ಆಯಿತು. ಆದರೆ ಹೊರಟಲ್ಲಿಗೇ ಮರಳಬೇಕೆಂಬ ನಿಯಮದಂತೆ ಅತ್ತೆಯ ಪ್ರಯಾಣ ಇನ್ನೂ ಮುಗಿದಿಲ್ಲ. ಮಗಳು ಗಂಡನ ಮನೆಗೆ ಹೋಗಿ ತಿಂಗಳು ಕಳೆದರೂ ಅತ್ತೆ ನಮ್ಮ ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಸಾಲದೆಂದು ತೀರ್ಪು ಕೊಡುತ್ತಿದ್ದಾಳೆ. ಮನೆ ತುಂಬಿದಂತಿದೆ, ನನಗಂತೂ ಸಂತೋಷ. ನಿನ್ನೆ ಊಟ ಬಡಿಸುತ್ತಾ ಹೆಂಡತಿ ದನಿ ತಗ್ಗಿಸಿ ಕೇಳಿದಳು:

“ಆ ಮೊದಲ್ನೇ ಹಡಗು ವಾಪಸ್ ಬರಾಕೆ ಎಷ್ಟು ವರ್ಷ ಆಯ್ತು ಅಂದ್ರಿ?”