ಹಾಲೇಶಣ್ಣ ಕೂಗದ ಅಳತೆ

ನ್ಯಾಮತಿಯ ಟೇಲರ್ ಹಾಲೇಶಣ್ಣ ಗಂಡಸರ ಎದೆಯ ಅಳತೆಯನ್ನು ಯಾವತ್ತೂ ಕೂಗಿ ಹೇಳುತ್ತಿರಲಿಲ್ಲ. ಉದ್ದ, ತೋಳು, ಕಾಲರ್ ಎಲ್ಲವನ್ನೂ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತಿದ್ದ. ಮೆಷಿನ್ ಮುಂದೆ ಕೂತ ಹೆಂಡತಿ ಶಾಂತಕ್ಕ ಬರೆದುಕೊಳ್ಳುತ್ತಿದ್ದಳು. ಎದೆಗೆ ಬಂದಾಗ ಮಾತ್ರ ಟೇಪು ಸುತ್ತಿ, ಕಣ್ಣು ಕಿರಿದು ಮಾಡಿ ನೋಡಿ, ತಾನೇ ಹೋಗಿ ಬರೆದು ಬರುತ್ತಿದ್ದ. ಯಾಕೆಂದು ಕೇಳಿದರೆ, "ಉಳಿದದ್ದು ಬಟ್ಟೆ ಅಳತೆ, ಇದು ಮನುಷ್ಯಾನ ಅಳತೆ" ಎನ್ನುತ್ತಿದ್ದ.

ಆ ಮರ್ಯಾದೆಯ ಬೆಲೆ ನನಗೆ ಗೊತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ನನ್ನ ಎದೆ ಎರಡೂ ಕಡೆ ಹೆಂಗಸರ ಹಾಗೆ ಉಬ್ಬಿತು. ಇಳಿಯುತ್ತದೆ ಅಂದರು, ಇಳಿಯಲಿಲ್ಲ. ಬನಿಯನ್ ಮೇಲೆ ಬನಿಯನ್ ಹಾಕಿ ಗೂನು ಬೆನ್ನಲ್ಲಿ ನಡೆಯುತ್ತಿದ್ದೆ. ಗೆಳೆಯರು ಸೂಳೆಕೆರೆಯಲ್ಲಿ ಈಜುವಾಗ ದಡದಲ್ಲಿ ಅವರ ಬಟ್ಟೆ ಕಾಯುತ್ತಿದ್ದವನು ನಾನು. ಹಾಲೇಶಣ್ಣ ಒಂದು ಮಾತೂ ಕೇಳದೆ, ಎರಡೂ ಕಡೆ ಜೇಬಿಟ್ಟು, ಜೇಬಿನ ಒಳಗೆ ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸ್ ಕೊಟ್ಟು ಅಂಗಿ ಹೊಲಿದ. ಉಬ್ಬು ಮಾಯವಾಯಿತು.

"ಹೊನ್ನಾಳಿಯಿಂದ ಬರ್ತಾರೆ, ಚನ್ನಗಿರಿಯಿಂದ ಬರ್ತಾರೆ ನಿನ್ನಂಥೋರು. ನೀ ಒಬ್ನೇ ಅಲ್ಲ ತಮ್ಮ. ಬೆನ್ನು ನೆಟ್ಟಗೆ ಮಾಡು, ಇಲ್ಲಾಂದ್ರೆ ನನ್ ಅಂಗಿ ಹಿಂದೆ ಎತ್ಕಂತದೆ" ಎಂದು ಬೈದ.

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದಾಗ ಕ್ಯಾನ್ವಾಸ್ ಸಾಲದಾಯಿತು. ದೈಹಿಕ ಪರೀಕ್ಷೆಯಲ್ಲಿ ಅಂಗಿ ಬಿಚ್ಚಿ ಮೈದಾನದಲ್ಲಿ ಸಾಲಾಗಿ ನಿಲ್ಲಬೇಕು, ಎದೆ ಅಳೆದು ಎಲ್ಲರೆದುರು ಕೂಗುತ್ತಾರೆ. ಆಪರೇಷನ್ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಮನೆಯಲ್ಲಿ ಕೋಚಿಂಗಿಗೆ ಹೋಗುತ್ತೇನೆಂದು ಸುಳ್ಳು ಹೇಳಿದೆ. ಹಾಲೇಶಣ್ಣ ಅಂಗಡಿಯ ಬಾಗಿಲು ಎಳೆದು ನನ್ನ ಜೊತೆ ದಾವಣಗೆರೆಯ ಆಸ್ಪತ್ರೆಗೆ ಬಂದ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಬರೀ ಕೊಬ್ಬಾದರೆ ಕೊಳವೆ ಹಾಕಿ ಎಳೆದು ತೆಗೆಯುತ್ತಾರೆ. ಒಳಗೆ ಗ್ರಂಥಿ ಬೆಳೆದಿದ್ದರೆ ಸಣ್ಣದಾಗಿ ಕೊಯ್ದು ತೆಗೆಯಬೇಕು. ನನಗೆ ಎರಡೂ ಬೇಕಿತ್ತು. ಆಮೇಲೆ ಕೆಲವು ವಾರ ಬಿಗಿ ಬನಿಯನ್ ತೊಡಬೇಕು. ನಾನು ತಲೆ ತಗ್ಗಿಸಿ ಕೂತಿದ್ದೆ, ಪ್ರಶ್ನೆಗಳೆಲ್ಲ ಹಾಲೇಶಣ್ಣನವು.

"ಹೊಲಿಗೆ ಎಲ್ಲಿ ಕೂರ್ತದೆ ಮೇಡಂ? ಸುಕ್ಕು ಬರಂಗಿಲ್ವಾ?"

"ತೊಟ್ಟಿನ ಅಂಚಿನಲ್ಲಿ. ಅಷ್ಟಾಗಿ ಕಾಣೋದಿಲ್ಲ" ಎಂದು ಅವರು ನಕ್ಕರು.

ಅವನು ಗೋಡೆಯ ಕಡೆ ನೋಡುತ್ತ ಕೇಳಿದ: "ಒಂದೇ ಕಡೆ ಇದ್ರೆ? ಗಟ್ಟಿ ಗಂಟಿದ್ರೆ? ನಮ್ ಗಿರಾಕಿ ಒಬ್ರಿಗೆ ಐತೆ. ನೋವಿಲ್ಲ. ಅಂಗಿಗೆ ಒಂಚೂರು ರಕ್ತದ ಕಲೆ ಆಗ್ತದೆ, ಅಷ್ಟೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದು ಅಂದಕ್ಕೆ ಮಾಡೋ ಆಪರೇಷನ್ ಅಲ್ಲ. ಎದೆ ಕ್ಯಾನ್ಸರ್ ಗಂಡಸರಿಗೂ ಬರುತ್ತೆ. ಅವರನ್ನ ನಾಳೇನೇ ಕರ್ಕೊಂಡು ಬನ್ನಿ."

ವಾಪಸ್ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ರೇಕ್ ಹಾಕಿದಾಗ ನನ್ನ ಮೊಣಕೈ ಅವನ ಎಡಜೇಬಿಗೆ ತಗುಲಿತು. ಒಳಗೆ ಗಟ್ಟಿ ಕ್ಯಾನ್ವಾಸ್. ಅವನ ಬಲಗಡೆ ಜೇಬೇ ಇರಲಿಲ್ಲ.

"ಅಣ್ಣಾ, ಆ ಗಿರಾಕಿ ನೀನೇನಾ?"

"ಸುಮ್ನಿರು. ನಿಂದು ನಾನ್ ಯಾರಿಗೂ ಹೇಳಿಲ್ಲ, ನಂದು ನೀ ಹೇಳಬ್ಯಾಡ. ನಿಂದು ಮೊದ್ಲು ಆಗ್ಲಿ, ಆಮ್ಯಾಲೆ ನೋಡಾಣ."

ನಾನು ಒಪ್ಪಿದೆ. ಒಪ್ಪಬಾರದಿತ್ತು. ಬಾಯಿ ಬಿಟ್ಟರೆ ನನ್ನದೂ ಊರಿಗೆಲ್ಲ ಗೊತ್ತಾಗುತ್ತದೆಂಬ ಹೆದರಿಕೆಯೇ ಅವತ್ತು ನನಗೆ ದೊಡ್ಡದಾಗಿ ಕಂಡಿತು.

ಮುಂದಿನ ವಾರ ನನ್ನ ಆಪರೇಷನ್ ಆಯಿತು. ಹತ್ತಿರ ಹತ್ತಿರ ಮೂರು ತಿಂಗಳು ಗಾಯ ಮಾಯುವುದನ್ನು ಕಾಯುತ್ತ, ಅವನ ಅಂಗಡಿಗೆ ಹೋದಾಗಲೆಲ್ಲ ಕಳ್ಳನಂತೆ ಆ ಎಡಜೇಬು ನೋಡುತ್ತಿದ್ದೆ. ಒಂದು ದಿನ ಅದರ ಅಂಚಿನಲ್ಲಿ ಹುಣಸೆ ಬೀಜದಷ್ಟು ಕಂದು ಕಲೆ ಕಂಡಿತು. ನಾನು ನೋಡಿದ್ದನ್ನು ನೋಡಿ ಹೆಗಲ ಮೇಲಿನ ಟೇಪನ್ನು ಅದರ ಮೇಲೆ ಎಳೆದುಕೊಂಡ. "ಯಾವಾಗ ಹೋಗೋಣ?" ಅಂದರೆ, "ಮದುವಿ ಸೀಜನ್ ಐತಲ್ಲೋ" ಎಂದ.

ದೈಹಿಕ ಪರೀಕ್ಷೆಯ ದಿನ ಅಂಗಿ ಬಿಚ್ಚಿದೆ. ಯಾರೂ ನನ್ನತ್ತ ತಿರುಗಿ ನೋಡಲಿಲ್ಲ. ಅಳೆದವರು ಗಟ್ಟಿಯಾಗಿ ಕೂಗಿದರು, ಬರೆಯುವವರು ಬರೆದುಕೊಂಡರು. ಅಷ್ಟು ವರ್ಷ ಹೆದರಿದ್ದು ಇದಕ್ಕಾ ಅನ್ನಿಸಿತು. ಆ ಗಳಿಗೆಯಲ್ಲೇ ಹಾಲೇಶಣ್ಣನ ಜೇಬು ನೆನಪಾಗಿ ನಾಚಿಕೆಯಿಂದ ಮೈ ಸುಟ್ಟಂತಾಯಿತು. ಮನೆಗೂ ಹೋಗದೆ ನೇರ ಅಂಗಡಿಗೆ ಹೋದೆ. ಶಾಂತಕ್ಕನ ಮುಂದೆ ನಿಂತು ಮೊದಲು ನನ್ನ ಗುಟ್ಟು ಹೇಳಿದೆ, ಆಮೇಲೆ ಅವನದು.

ಶಾಂತಕ್ಕ ಮೆಷಿನ್ ನಿಲ್ಲಿಸಿದಳು. "ನನ್ ಮುಂದಾದ್ರೂ ಒಂದ್ಮಾತು ಅನ್ನಾಕಾಗ್ಲಿಲ್ಲೇನ್ರಿ ನಿಮಗೆ?" ಎಂದಳು. ಹಾಲೇಶಣ್ಣ ಕತ್ತರಿಯನ್ನು ಮೇಜಿಗೆ ಕುಕ್ಕಿ, "ನಡಿ ಆಚೆ" ಎಂದು ನನ್ನ ಮೇಲೆ ರೇಗಿದ.

ಶಾಂತಕ್ಕ ಅವನನ್ನು ದಾವಣಗೆರೆಗೆ ಎಳೆದೊಯ್ದಳು. ಕ್ಯಾನ್ಸರೇ ಆಗಿತ್ತು, ಅವನ ಎದೆಯ ಎಡಗಡೆಯನ್ನು ಪೂರ್ತಿ ತೆಗೆದರು. ಇನ್ನೊಂದಿಷ್ಟು ಮೊದಲೇ ಬರಬೇಕಿತ್ತು ಎಂದರಂತೆ ಡಾಕ್ಟರಮ್ಮ. ಆ ಮೂರು ತಿಂಗಳು ನನ್ನ ಎದೆಯಿಂದ ಇವತ್ತಿಗೂ ಇಳಿದಿಲ್ಲ.

ಟ್ರೈನಿಂಗ್ ಮುಗಿದು ಜಗಳೂರಿಗೆ ಪೋಸ್ಟಿಂಗ್ ಆದ ಮೇಲೆ, ಒಂದು ರಜೆಯಲ್ಲಿ ಹೆದರುತ್ತಲೇ ಅವನ ಅಂಗಡಿಗೆ ಹೋದೆ. ಒಳಗೆ ಗಿರಾಕಿಗಳು ತುಂಬಿದ್ದರು. ಹಾಲೇಶಣ್ಣ ಅರ್ಧಕ್ಕರ್ಧ ಇಳಿದುಹೋಗಿದ್ದ. ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಹೆಗಲ ಮೇಲಿನ ಟೇಪು ತೆಗೆದು ನನ್ನ ಕೈಗಿಟ್ಟ.

"ಪೊಲೀಸಪ್ಪ, ಹಿಡಿ. ನಂಗೊಂದು ಅಂಗಿ ಹೊಲ್ಕಬೇಕು."

ಅವನ ಎದೆಗೆ ಟೇಪು ಸುತ್ತಿದೆ. ಎಡಗಡೆ ಎಲುಬು ಕೈಗೆ ಸಿಕ್ಕಿತು. ಅವನು ಕಲಿಸಿದ್ದ ಮರ್ಯಾದೆಯಂತೆ, ಅಂಕಿಯನ್ನು ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿ, "ಒಳಗೆ ಕ್ಯಾನ್ವಾಸ್ ಕೊಡಿಸೋಣ ಅಣ್ಣ" ಎಂದೆ.

"ಬ್ಯಾಡ" ಎಂದು ಅವನು ಬೆನ್ನು ನೆಟ್ಟಗೆ ಮಾಡಿದ. ಆಮೇಲೆ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ: "ಶಾಂತೀ, ಬರ್ಕೋ! ಎದೆ ಮೂವತ್ನಾಲ್ಕು! ಎಡಗಡೆ ತೆಗ್ದಾರೆ, ಜೇಬು ಬ್ಯಾಡ!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಶಾಂತಕ್ಕ ಬರೆದುಕೊಂಡಳು. ಅಂಗಿಯನ್ನು ಅವಳೇ ಹೊಲಿದಳು. ಎರಡು ತಿಂಗಳಾದ ಮೇಲೆ ಅವನನ್ನು ಮಣ್ಣಿಗೆ ಕಳಿಸಿಕೊಡುವಾಗ ನಾವು ತೊಡಿಸಿದ್ದು ಅದನ್ನೇ.