ಅವ್ವ ಎನ್ನಗೊಡದ ಕಾಕು

ಬಸ್ಸಿನಲ್ಲಿ ಪಕ್ಕದ ಮಗುವಿನ ತಲೆಯಿಂದ ಔಡಲೆಣ್ಣೆಯ ವಾಸನೆ ಬಂತು, ಗಂಗಿ ನೆನಪಾದಳು.

ತಾಯಿ ತೀರಿಹೋಗಿ ತಂದೆ ಗೋವಾಕ್ಕೆ ದುಡಿಯಲು ಹೊರಟಾಗ, ಆ ಪುಟ್ಟ ಹುಡುಗಿಯನ್ನು ತಿರ್ಲಾಪುರದ ನಮ್ಮ ಚಿಕ್ಕಮ್ಮ, ಎಲ್ಲರ ಕಾಕು, ಮನೆಯಲ್ಲಿಟ್ಟುಕೊಂಡಳು. ಸಂಜೆ ತಲೆಗೆ ಎಣ್ಣೆ ಹಚ್ಚಿ ಹೆಣಲು ಹೆಣೆಯುವಾಗ ತಪ್ಪದೆ ಕೇಳುತ್ತಿದ್ದಳು, "ನಿಮ್ಮಪ್ಪನ ಹೆಸರೇನಬೇ?"

"ಫಕೀರಪ್ಪ. ಅವ್ವಾ, ಜಗ್ಗಬ್ಯಾಡ!"

"ಅವ್ವ ಅಲ್ಲ, ಕಾಕು ಅನ್ನು."

ಒಮ್ಮೆ ನಾನು ಕೇಳಿದೆ, "ತಿರುಗಿ ಕೊಡೂದಿದ್ರ ಯಾಕ ಸಾಕ್ತಿ ಕಾಕು?"

"ನಿನ್ನೂ ಕೊಡತೇನಿ, ಸುಮ್ಮ ಕುಂದರಲೇ."

ಹತ್ತಿ ಬಿಡಿಸುವ ಕಾಲಕ್ಕೆ ಫಕೀರಪ್ಪ ಬಂದ, ಗಡ್ಡ ಬಿಟ್ಟು, ಸೊರಗಿ. ಗಂಗಿ ಕಾಕುವಿನ ಸೆರಗು ಹಿಡಿದು ದಿಟ್ಟಿಸಿದಳು. ಆಮೇಲೆ "ಅಪ್ಪಾ!" ಎಂದು ಓಡಿದಳು.

"ಗುರ್ತ ಹಿಡದಳಲ್ಲೋ!" ಎಂದು ಕಾಕು ಓಣಿಗೆಲ್ಲ ಕೇಳುವಂತೆ ನಕ್ಕಳು.

ಪರರ ಮಕ್ಕಳನ್ನು ಸಾಕುವವರ ಬಗ್ಗೆ ಸಿಕ್ಕ ಕರಪತ್ರವನ್ನೆಲ್ಲ ಈಗ ಓದುತ್ತೇನೆ. ಕರುಣೆ, ಸೇವೆ, ತ್ಯಾಗ ಎಂದಿರುತ್ತದೆ. ಆ ನಗು ಇವುಗಳಲ್ಲಿ ಯಾವುದು?