ನಡುರಸ್ತೆಯ ಟೈರಮ್ಮ

ಸೈಕಲ್ ರಿಪೇರಿಯವನು ಸತ್ತದ್ದು ಬೆಳಿಗ್ಗೆ, ಅವನ ಅಂಗಡಿಯಿಂದ ಎರಡೇ ತಿರುವಿನಾಚೆ. ಸುದ್ದಿ ಹೆಂಡತಿಗೆ ಮುಟ್ಟಿದ್ದು ಮಧ್ಯಾಹ್ನ. ಅವನು ಬಿದ್ದದ್ದು ರಸ್ತೆಯ ಈಚೆ ಬದಿಗೆ, ಸೈಕಲ್ ಬಿದ್ದದ್ದು ಆಚೆ ಬದಿಗೆ. ರಸ್ತೆಯ ನಡುಗೆರೆಯೇ ಎರಡು ಬಡಾವಣೆಗಳ ಗಡಿ. ಆಚೆಯವರು ಹೇಳಿರುತ್ತಾರೆಂದು ಈಚೆಯವರು ಸುಮ್ಮನಾದರು, ಈಚೆಯವರು ಹೇಳಿರುತ್ತಾರೆಂದು ಆಚೆಯವರು. ಅಷ್ಟು ಹೊತ್ತೂ ಆಕೆ ಗಿರಾಕಿಯೊಬ್ಬರ ಚಕ್ರ ಹಿಡಿದು, "ಇವರು ಎಲ್ಲಿ ಹರಟೆ ಹೊಡೀತಾ ನಿಂತರೋ" ಎಂದು ಗೊಣಗುತ್ತ ಕೂತಿದ್ದರು.

"ಬಿದ್ದೋನು ಮನುಷ್ಯ ಅನ್ನೋದು ಯಾರಿಗೂ ಕಾಣಲಿಲ್ಲ. ಯಾವ ಕಡೆ ಬಿದ್ದ ಅನ್ನೋದು ಮಾತ್ರ ಚೆನ್ನಾಗಿ ಕಾಣಿಸ್ತು" ಎನ್ನುತ್ತಾರೆ ಆಕೆ.

ಈಗ ನಸುಕು. ಟೈರಮ್ಮ ಎಂದೇ ಎಲ್ಲರೂ ಕರೆಯುವ ಈ ಹೆಂಗಸು ಅಂಗಡಿಯ ಬಾಗಿಲು ತೆಗೆದು, ಸವೆದ ಟೈರುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ರಸ್ತೆಗೆ ಬರುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಅಂಗೈಗೆ ಗ್ರೀಸಿನ ಕಪ್ಪು ಹತ್ತಿದೆ. ಗಂಡನ ಅಂಗಡಿಯನ್ನು ಈಗ ನಡೆಸುವವರು ಅವರೇ.

ಈ ಟೈರುಗಳ ಕತೆಯ ಹಿಂದೆ ಒಂದು ಹಂಪ್ ಇದೆ. ಸರಿಯಾಗಿ ಹೇಳಬೇಕೆಂದರೆ ಎರಡು ಅರ್ಧ ಹಂಪ್‌ಗಳು. ವಾಹನಗಳ ವೇಗ ತಗ್ಗಿಸಲು ಈಚೆ ಬಡಾವಣೆಯ ಸಂಘ ತನ್ನ ಪಾಲಿನ ರಸ್ತೆಗಷ್ಟೇ, ನಡುಗೆರೆಯವರೆಗೆ ಹಂಪ್ ಹಾಕಿಸಿತು. ಆಚೆಯ ಸಂಘ ಹಟಕ್ಕೆ ಬಿದ್ದು ತನ್ನ ಪಾಲಿಗೆ ಇನ್ನೊಂದು ಹಾಕಿಸಿತು, ಸ್ವಲ್ಪ ದೂರದಲ್ಲಿ, ತನ್ನ ಬಡಾವಣೆಯ ಸ್ವಾಗತ ಕಮಾನಿನ ಎದುರು. ವಾಹನದವರಿಗೆ ಬೇಕಾದದ್ದೂ ಅದೇ. ಹಂಪ್ ತಪ್ಪಿಸಲು ಎದುರು ಬದಿಗೆ ನುಗ್ಗುವುದು ಅಭ್ಯಾಸವಾಯಿತು. ಹಾಗೆ ನುಗ್ಗಿದ ವ್ಯಾನೊಂದಕ್ಕೆ ಆ ಬೆಳಿಗ್ಗೆ ಎದುರಾದವನು, ತನ್ನ ಬದಿಯಲ್ಲೇ ಬರುತ್ತಿದ್ದ ಸೈಕಲ್ ರಿಪೇರಿಯವನು.

ಸಾವಿನ ನಂತರವೂ ಸಂಘಗಳು ಸಭೆ ಸೇರಿದ್ದು ಬೇರೆ ಬೇರೆಯಾಗಿಯೇ. ತಪ್ಪು ಯಾರ ಹಂಪಿನದು ಎಂಬುದೇ ಚರ್ಚೆ. ಆಕೆ ಎರಡೂ ಕಡೆ ಹೋಗಿ ಕೈಮುಗಿದು ನಿಂತರು. ಎರಡೂ ಕಡೆ ಚಹಾ ಕೊಟ್ಟು ಕಳಿಸಿದರು. ಮಾರನೆಯ ನಸುಕಿನಲ್ಲೇ ಆಕೆ ಎರಡು ಹಂಪ್‌ಗಳ ತುದಿಯಿಂದ ನಡುಗೆರೆಯುದ್ದಕ್ಕೂ ಟೈರು ಸಾಲಿಟ್ಟರು. ಯಾರೂ ಎದುರು ಬದಿಗೆ ನುಗ್ಗಬಾರದು, ಅಷ್ಟೇ.

"ಏನಮ್ಮಾ, ರಸ್ತೆ ನಿಮ್ಮಪ್ಪಂದಾ?" ಎಂದು ಒಬ್ಬ ಚಾಲಕ ರೇಗಿದ್ದನಂತೆ.

"ನಮ್ಮಪ್ಪಂದಾಗಿದ್ರೆ ನಿನ್ನ ಒಳಗೇ ಬಿಡ್ತಿರಲಿಲ್ಲ ಕಣಪ್ಪ. ನಿಧಾನಕ್ಕೆ ಹೋಗು."

ಮೊದಲು ನೆರವಿಗೆ ಬಂದವರು ಆಚೆ ಬಡಾವಣೆಯ ಬಟ್ಟೆ ಹೊಲಿಯುವ ಹೆಂಗಸು. ಅವರ ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದು ಇದೇ ದಾರಿಯಲ್ಲಿ. ಬಿಳಿ ಬಣ್ಣದ ಡಬ್ಬಿ ಹಿಡಿದು ಬಂದು, "ಅಕ್ಕಾ, ನಿಮ್ಮ ಟೈರೂ ಕಪ್ಪು, ರಸ್ತೆನೂ ಕಪ್ಪು. ಬಣ್ಣ ಬಳಿಯೋಣ ಬನ್ನಿ" ಎಂದರು. "ಮೊದಲು ನನಗೆ ಬಳಿಯಮ್ಮ, ನಾನೂ ಯಾರ ಕಣ್ಣಿಗೂ ಬೀಳ್ತಿಲ್ಲ" ಎಂದರಂತೆ ಟೈರಮ್ಮ. ಗಂಡ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆಮೇಲೆ ಈಚೆಯ ಹಾಲಿನವರು ಬಂದರು, ಆಚೆಯ ನಿವೃತ್ತ ಮೇಷ್ಟರು ಬಂದರು. ಶಾಲೆಯ ಹೊತ್ತಿಗೆ ಎರಡೂ ಬಡಾವಣೆಯವರು ಸರದಿಯಂತೆ ನಿಂತು ಮಕ್ಕಳನ್ನೂ ಮುದುಕರನ್ನೂ ದಾಟಿಸತೊಡಗಿದರು. ಬೀದಿಯವರು ಒಂದಾದ ಮೇಲೆ ಸಂಘಗಳಿಗೆ ಮುಖ ಉಳಿಸಿಕೊಳ್ಳುವುದು ಕಷ್ಟವಾಯಿತು. ಹೋದ ತಿಂಗಳು ಎರಡೂ ಅರ್ಧ ಹಂಪ್‌ಗಳನ್ನು ಕಿತ್ತು, ರಸ್ತೆಯ ಉದ್ದಗಲ ಅಳೆದು, ಅಂಚಿನಿಂದ ಅಂಚಿಗೆ ಒಂದೇ ಹಂಪ್ ಹಾಕಿಸಿದರು. ಒಂದು ದಿನದ ಕೆಲಸ! ಅಧ್ಯಕ್ಷರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಟೈರಮ್ಮನನ್ನು ಕರೆಯುವುದು ಯಾರಿಗೂ ಹೊಳೆಯಲಿಲ್ಲ.

"ಒಂದೇ ದಿನದಲ್ಲಿ ಆಗೋ ಕೆಲಸಕ್ಕೆ ನಮ್ಮನೆಯವರು ಹೋಗಬೇಕಾಯ್ತಲ್ಲ" ಎನ್ನುವಾಗ ಅವರ ದನಿ ಏರುವುದಿಲ್ಲ. ಟ್ಯೂಬಿಗೆ ಅಂಟು ಬಳಿಯುವ ಬೆರಳು ಮಾತ್ರ ನಿಲ್ಲುತ್ತದೆ.

ಟೈರುಗಳು ಈಗ ರಸ್ತೆಯ ಎರಡೂ ಅಂಚಿಗೆ ಸರಿದಿವೆ. ನಡೆಯುವವರಿಗೂ ಸೈಕಲ್ಲಿನವರಿಗೂ ಅಷ್ಟು ಜಾಗ ಬಿಡಿ ಎಂಬುದು ಆಕೆಯ ಹೊಸ ಬೇಡಿಕೆ. ಸಂಘಗಳು ಯೋಚಿಸುತ್ತೇವೆ ಎಂದಿವೆ. "ಯೋಚನೆ ಮಾಡ್ಲಿ ಬಿಡಿ. ಅಲ್ಲೀತನಕ ನಾನು ಟೈರಿಡ್ತೀನಿ. ಇನ್ನೊಬ್ಬಳು ನನ್ನ ಹಾಗೆ ಕಾಯ್ತಾ ಕೂರಬಾರದು."

ದೇವರೇ, ಮನೆಗೆ ಮರಳಲಾಗದೆ ಹೋದ ಆ ಜೀವವನ್ನು ನಿನ್ನ ಬಳಿ ಕರೆದುಕೋ. ನಾವು ಕೊಡದ ದಾರಿಯನ್ನು ನೀನು ಕೊಡು. ಅವನಿಗೆ ಶಾಂತಿ ಸಿಗಲಿ.